ದೊರೆಸಾನಿ ಬಂಗಲೆಯ ಪ್ರೇಮಕುಮಾರಿ

ಆಲ್ದೂರಿನಾಚೆಯ ದೊರೆಸಾನಿ ಬಂಗಲೆಯಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ಹಜಾರದ ಸಾಗುವಾನಿ ಹಲಗೆಯ ನೆಲದ ಮೇಲೆ ಕುಕ್ಕರುಗಾಲಿನಲ್ಲಿ ಕೂತು, ಮನೆ ನೋಡಿಕೊಳ್ಳುವ ಪ್ರೇಮಕುಮಾರಿ ಮೇಣ ಕೆರೆಯುತ್ತಿದ್ದಾರೆ. ಹೋಂಸ್ಟೇಗೆ ಬಂದ ಅತಿಥಿಗಳು ರಾತ್ರಿ ಮೇಣದಬತ್ತಿ ಹಚ್ಚಿಟ್ಟು, ಇಲ್ಲದ ದೆವ್ವವನ್ನು ಕರೆದು ಕರೆದು ಮಲಗಿದ್ದಾರೆ. ದೆವ್ವ ಬರಲಿಲ್ಲ. ಮೇಣ ಮಾತ್ರ ಹಲಗೆಯ ಸಂದುಗಳಿಗೆಲ್ಲ ಇಳಿದಿದೆ.

“ಚಾಕು ಹಾಕಿದ್ರೆ ಮರಕ್ಕೆ ಗೀರು ಬೀಳುತ್ತೆ. ಕರಟದಲ್ಲೇ ಕೆರೀಬೇಕು” ಎನ್ನುತ್ತಾರೆ, ತಲೆಯೆತ್ತದೆ.

ಮನೆ ಕಟ್ಟಿಸಿದವನು ಬ್ರಿಟಿಷರ ಕಾಲದ ಒಬ್ಬ ಕಾಫಿ ವ್ಯಾಪಾರಿ. ಇಲ್ಲಿ ಕಾಫಿ ಕೊಂಡು, ಗಾಡಿಗಳಲ್ಲಿ ಘಟ್ಟ ಇಳಿಸಿ, ಮಂಗಳೂರಿನಲ್ಲಿ ಹಡಗು ಹತ್ತಿಸುತ್ತಿದ್ದನಂತೆ. ಅವನ ಹೆಂಡತಿ ದೊರೆಸಾನಿ ತೀರಿಕೊಂಡದ್ದು ಇಂಗ್ಲೆಂಡಿನಲ್ಲಿ. ಆಕೆಯನ್ನು ಇಲ್ಲಿ ದೆವ್ವ ಮಾಡಿದ್ದು ಹಿಂದಿನ ಮಾಲೀಕರ ಲೆಕ್ಕ ಬರೆಯುತ್ತಿದ್ದ ರೈಟರ್. ಹಜಾರದಲ್ಲಿ ಪೇರಿಸಿಟ್ಟ ಕಾಳುಮೆಣಸಿನ ಮೂಟೆ ಯಾರೂ ಮುಟ್ಟದಿರಲೆಂದು ಆತ ಬಿಟ್ಟ ಬುರುಡೆ ಅದು. ಈಗಿನ ಮಾಲೀಕ ಶಶಿಧರ್ ಅದನ್ನೇ ಗೇಟಿನ ಬೋರ್ಡಿನ ಮೇಲೆ ಬರೆಸಿದ್ದಾರೆ.

ಬೋರ್ಡು ನೋಡಿ ಅತಿಥಿಗಳು ಮುಗಿಬೀಳುತ್ತಾರೆ, ಕೆಲಸದವರು ಕಾಲಿಗೆ ಬುದ್ಧಿ ಹೇಳುತ್ತಾರೆ. ಕಳೆದ ತಿಂಗಳು ಕೆಲಸಕ್ಕೆ ಬಂದ ಮರಿಯಮ್ಮ, ಗಾಳಿಗೆ ಕಿಟಕಿ ಬಡಿದದ್ದೇ ತಡ, ಮಧ್ಯಾಹ್ನದ ಊಟವನ್ನೂ ಬಿಟ್ಟು ಬಸ್ಸು ಹತ್ತಿದರು. ನೆಲ, ಹಾಸಿಗೆ, ಅಡುಗೆ ಎಲ್ಲ ಮತ್ತೆ ಪ್ರೇಮಕುಮಾರಿ ಒಬ್ಬರ ತಲೆಗೇ.

“ದೆವ್ವ ಇಲ್ಲ ಅಂದ್ರೆ ಬಂದವ್ರಿಗೆ ಬೇಜಾರು. ಇದೆ ಅಂದ್ರೆ ಕೆಲಸದವ್ರು ನಿಲ್ಲಲ್ಲ. ನಂಗೆ ಹೇಳಿ ಹೇಳಿ ಸಾಕಾಗಿದೆ.”

ಕಳಸದಲ್ಲಿರುವ ಮಗಳಿಗೆ ಎರಡನೇ ಹೆರಿಗೆಯಾಗಿ ಮೂರು ತಿಂಗಳಾಯಿತು. ಮೊಮ್ಮಗಳ ಮುಖವನ್ನು ರಜೆ ಸಿಗದ ಇವರು ಫೋನಿನಲ್ಲಷ್ಟೇ ಕಂಡಿದ್ದಾರೆ. ಕೇಳಿದ ನನಗೇ ಮೈ ಉರಿಯಿತು. ಆ ಬೋರ್ಡನ್ನಾದರೂ ತೆಗೆಸಬಾರದೇ ಎಂದು ಶಶಿಧರ್ ಅವರನ್ನು ಕೇಳಿದೆ. ತೆಗೆದರೆ ಬುಕಿಂಗ್ ನಿಲ್ಲುತ್ತದೆ, ಬದಲಿ ಜನ ಸಿಕ್ಕ ದಿನವೇ ರಜೆ ಕೊಡುತ್ತೇನೆ ಎಂದರು. ಬದಲಿ ಜನ ಸಿಗದಿರುವುದು ಆ ಬೋರ್ಡಿನಿಂದಲೇ ಎಂದರೆ, ಕಾಫಿ ಕುಡಿಯಿರಿ ಎಂದು ಮಾತು ಬದಲಿಸಿದರು.

ಹಜಾರದಲ್ಲಿ ಮೇಣ ಕೆರೆದು ಮುಗಿಯುವಷ್ಟರಲ್ಲಿ ಅತಿಥಿಯೊಬ್ಬರು ಕಣ್ಣುಜ್ಜಿಕೊಳ್ಳುತ್ತಾ ಹೊರಬಂದು, ಪ್ರೇಮಕುಮಾರಿಯತ್ತ ಫೋನಿನ ಕ್ಯಾಮೆರಾ ಹಿಡಿದು, ದೊರೆಸಾನಿಯನ್ನು ನೀವು ಯಾವತ್ತಾದರೂ ನೋಡಿದ್ದೀರಾ ಎಂದು ಕೇಳುತ್ತಾರೆ.

ಪ್ರೇಮಕುಮಾರಿ ಸೊಂಟ ಹಿಡಿದುಕೊಂಡು ಏಳುತ್ತಾರೆ.

“ಇಲ್ಲ ಮಾರಾಯ್ರೆ. ಅವ್ರು ಇದ್ದಿದ್ರೆ ಬೀಗದ ಕೈ ಅವ್ರಿಗೇ ಕೊಟ್ಟು, ಎರಡು ದಿನ ಕಳಸಕ್ಕೆ ಹೋಗಿ ಮಗೂನ ಎತ್ತಿ ಆಡಿಸ್ಕೊಂಡು ಬರ್ತಿದ್ದೆ.”