ಕ್ಯಾರಿಯಿಂಗ್ ಸಾರ್ಸ್ ವಾಟರ್

ಬೊಮ್ಮಿ ಇಂಗ್ಲಿಷ್ ಮಾಷ್‌ನ ಮಾನ ಕಳೆಯಲಿಲ್ಲ. ಮಾನ ಹೋಗುವಂಥ ಕೆಲಸವನ್ನು ದಿನವೂ ಮಾಡಿಸಿದವನು ಅವನು. ಅದನ್ನು ಇಂಗ್ಲಿಷಿನಲ್ಲಿ ಹೇಳುವುದು ಹೇಗೆಂದು ಕಲಿಸಿದವನೂ ಅವನೇ. ಹುಡುಗಿ ಕಲಿತಳು, ಕೇಳಿದಾಗ ಹೇಳಿದಳು. ನಡೆದದ್ದು ಇಷ್ಟೇ. ಉಳಿದದ್ದೆಲ್ಲ ಸ್ಟಾಫ್ ರೂಮಿನಲ್ಲಿ ಕೂತು ಕಟ್ಟಿದ ಕತೆ.

ವಯನಾಡು ಬೇರೆ ಜಿಲ್ಲೆಯಾಗಿ ಆಗಿನ್ನೂ ಎರಡು ವರ್ಷ ತುಂಬಿರಲಿಲ್ಲ. ಕೊಳವಳ್ಳಿಯಿಂದ ಒಂದು ಗಂಟೆಯ ನಡಿಗೆಯಷ್ಟು ದೂರದ ಒಂದು ಯು.ಪಿ. ಶಾಲೆಯಲ್ಲಿ, ಎಂದರೆ ಏಳನೇ ಕ್ಲಾಸಿನವರೆಗಿನ ಶಾಲೆಯಲ್ಲಿ, ನಾನು ಮಧ್ಯಾಹ್ನದ ಅಡುಗೆಯವಳು. ಶಾಲೆಯ ಹೆಸರು ಬರೆಯುವುದಿಲ್ಲ. ಬರೆದರೆ ಮಾಷ್‌ನ ಮಕ್ಕಳು ಜಗಳಕ್ಕೆ ಬರುತ್ತಾರೆ, ನನಗೆ ಪುರುಸೊತ್ತಿಲ್ಲ. ನಾನು ಹುಟ್ಟಿದ್ದು ಹೊಳೆಯ ಆಚೆ ದಡದ ಕನ್ನಡದ ಊರಿನಲ್ಲಿ, ಓದಿದ್ದು ಮೂರನೇ ಕ್ಲಾಸು. ಮದುವೆಯಾಗಿ ಈಚೆ ದಡಕ್ಕೆ ಬಂದ ಮೇಲೆ ಮಲಯಾಳ ಕಲಿತೆ, ಮೇಷ್ಟರಿಗೆ ಮಾಷ್ ಅನ್ನುವುದನ್ನೂ ಕಲಿತೆ. ದೊಡ್ಡವರು ಗೌರಿ ಚೇಚಿ ಅನ್ನುತ್ತಿದ್ದರು, ಕನ್ನಡದ ಮಕ್ಕಳು ಗೌರಕ್ಕ ಅನ್ನುತ್ತಿದ್ದವು.

ಕೆಲಸ ಸುಲಭದ್ದಲ್ಲ. ಸರ್ಕಾರ ಕಳಿಸಿದ ಹಳದಿ ನುಚ್ಚನ್ನು ಹುರಿದು ಉಪ್ಪುಮಾವು ಮಾಡಬೇಕು. ಉಪ್ಪುಮಾವು ಎಂದರೆ ನಮ್ಮ ಉಪ್ಪಿಟ್ಟೇ, ಎಣ್ಣೆ ಮಾತ್ರ ವಾಸನೆಯದ್ದು. ನೂರ ಹತ್ತು ಮಕ್ಕಳು, ತಲೆಗೆ ಒಂದು ಸೌಟು. ಒಲೆಯ ಹೊಗೆ ಹೋಗುವುದಕ್ಕೆ ದಾರಿಯಿರಲಿಲ್ಲ. ಅಡುಗೆಮನೆಗೂ ಐದನೇ ಕ್ಲಾಸಿಗೂ ನಡುವೆ ಇದ್ದದ್ದು ಒಂದು ಬಿದಿರಿನ ತಟ್ಟಿ. ಹೊಗೆ ಆ ಕಡೆಗೆ ಹೋಗುತ್ತಿತ್ತು, ಪಾಠ ಈ ಕಡೆಗೆ ಬರುತ್ತಿತ್ತು.

ಹೀಗೆ ನನಗೂ ಇಂಗ್ಲಿಷ್ ಬಂತು, ಬೇಡವೆಂದರೂ ಬಂತು. ಇಂಗ್ಲಿಷ್ ಮಾಷ್‌ಗೆ ಒಂದೇ ಪಾಠದ ಹುಚ್ಚು. ಮಾಡುವ ಕೆಲಸಕ್ಕೆ 'ಇಂಗ್' ಹಚ್ಚಬೇಕು, ಆಮೇಲೆ ಅದು ಯಾರದೆಂದು ಹೇಳಬೇಕು, ಕೊನೆಗೆ ವಸ್ತು. 'ವಾಷಿಂಗ್' ಎಂದು ಹೇಳಿ ಮಗು ನಿಂತರೆ ಬೆತ್ತ ಮೇಜಿನ ಮೇಲೆ ಬೀಳುತ್ತಿತ್ತು. "ವಾಷಿಂಗ್ ಯಾರದು? ಯಾರದು ಅಂತ ಹೇಳೋ ಕತ್ತೆ!" ಆಗ ಮಗು "ವಾಷಿಂಗ್ ಮದರ್ಸ್ ಪ್ಲೇಟ್" ಅನ್ನಬೇಕು. "ಹೋಲ್ಡಿಂಗ್ ಫಾದರ್ಸ್ ಅಂಬ್ರೆಲಾ" ಅನ್ನಬೇಕು. ನಮ್ಮ ಮಾತಿನಲ್ಲಿ ಒಡೆಯ ಮೊದಲು ಬರುತ್ತಾನೆ, ಕೆಲಸ ಕೊನೆಗೆ ಬರುತ್ತದೆ: ಅಮ್ಮನ ತಟ್ಟೆ ತೊಳೆಯುವುದು. ಅವರದು ತಿರುಗಾಮುರುಗಾ. ಕೆಲಸ ಮುಂದೆ ಬಂದು ನಿಲ್ಲುತ್ತದೆ, ಒಡೆಯ ಅದರ ಬೆನ್ನಿಗೆ ಇರುತ್ತಾನೆ. ನಾನು ನುಚ್ಚು ತಿರುವುತ್ತ 'ಸ್ಟರಿಂಗ್ ಗವರ್ಮೆಂಟ್ಸ್ ಉಪ್ಪುಮಾವು' ಎಂದುಕೊಂಡು ಒಬ್ಬಳೇ ನಗುತ್ತಿದ್ದೆ.

ಬೊಮ್ಮಿ ಐದನೇ ಕ್ಲಾಸಿನವಳು, ಕಾಡಂಚಿನ ಹಾಡಿಯ ಕಾಟುನಾಯ್ಕರ ಹುಡುಗಿ. ಹೊಳೆಯಾಚೆ ನಾವು ಜೇನುಕುರುಬರು ಅನ್ನುತ್ತೇವೆ. ಅವರ ಮಾತು ಕನ್ನಡಕ್ಕೆ ಹತ್ತಿರ, ಶಾಲೆಯ ಮಲಯಾಳ ಅವಳಿಗೆ ದೂರ. ಕೊನೆಯ ಬೆಂಚು. ಪಾಠದ ಹೊತ್ತಿನಲ್ಲಿ ಮಾಷ್ ಅವಳನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. ಆದರೆ ಮನೆಗೆಲಸಕ್ಕೆ ಅವಳೇ ಬೇಕು. ಮಾಷ್ ಶಾಲೆಯ ಪಕ್ಕದಲ್ಲೇ ಎರಡು ಎಕರೆ ಕರಿಮೆಣಸಿನ ತೋಟ ಮಾಡಿಕೊಂಡಿದ್ದ, ಹಸು ಕಟ್ಟಿದ್ದ. ಹಾಡಿಯ ಐದು ಹುಡುಗಿಯರು ಬೆಳಗಾಗುತ್ತಲೇ ಅಲ್ಲಿಗೆ ಹೋಗಬೇಕು. ಹೊಳೆಯಿಂದ ನೀರು, ಕೊಟ್ಟಿಗೆ, ಕೊಯ್ಲಿನ ದಿನಗಳಲ್ಲಿ ಮೆಣಸು. ಮೊದಲ ಪೀರಿಯಡ್ ಮುಗಿಯುವ ಹೊತ್ತಿಗೆ ಕ್ಲಾಸಿಗೆ ಬರುತ್ತಿದ್ದರು. ಪುಸ್ತಕದಲ್ಲಿ ಹಾಜರಿ ಮೊದಲೇ ಬಿದ್ದಿರುತ್ತಿತ್ತು.

ಇದು ನನಗೆ ಗೊತ್ತಿತ್ತು. ಬೊಮ್ಮಿ ತಟ್ಟೆ ಒಡ್ಡಿದಾಗ ಕೈಯಲ್ಲಿ ಸಗಣಿ ವಾಸನೆ ಇರುತ್ತಿತ್ತು. ನಾನು ಅರ್ಧ ಸೌಟು ಜಾಸ್ತಿ ಹಾಕುತ್ತಿದ್ದೆ, ಬಾಯಿ ಮುಚ್ಚಿಕೊಂಡಿರುತ್ತಿದ್ದೆ. ಅದನ್ನು ಕರುಣೆ ಎಂದು ಯಾರೂ ಬರೆಯುವುದು ಬೇಡ. ಕೆಲಸ ಹೋದೀತೆಂಬ ಹೆದರಿಕೆ ಅದು.

ಮೆಣಸು ಕೊಯ್ಲಿನ ಕಾಲದಲ್ಲೇ ಎ.ಇ.ಒ. ಬಂದರು. ಸುತ್ತಿನ ಶಾಲೆಗಳ ಮೇಲೆಲ್ಲ ಅಧಿಕಾರವಿರುವ ಸಾಹೇಬರು. ಹೊಸ ಜಿಲ್ಲೆಗೆ ಹೊಸಬರು. ಎರಡು ದಿನದ ತಪಾಸಣೆ, ಮೊದಲ ದಿನ ಪಾಠ, ಮರುದಿನ ರಿಜಿಸ್ಟರು. ಮಾಷ್ ಅಂದು ಇಸ್ತ್ರಿ ಅಂಗಿ ತೊಟ್ಟು ತನ್ನ 'ಇಂಗ್' ಪಾಠವನ್ನೇ ಮೆರೆಸಿದ. ಮುಂದಿನ ಬೆಂಚಿನ ಮಕ್ಕಳು ಪ್ಲೇಟು, ಅಂಬ್ರೆಲಾ ಎಲ್ಲವನ್ನೂ ಒಪ್ಪಿಸಿದರು. ನಾನು ತಟ್ಟಿಯ ಸಂದಿನಿಂದ ನೋಡುತ್ತಿದ್ದೆ.

ಸಾಹೇಬರು ಹಿಂದಿನ ಬೆಂಚಿಗೆ ಕೈ ತೋರಿಸಿದರು. "ಆ ಹುಡುಗಿ?"

"ಕಾಡಿನವಳು ಸಾರ್. ತಲೆಗೆ ಹತ್ತುವುದಿಲ್ಲ."

"ಹತ್ತುತ್ತದೋ ಇಲ್ಲವೋ ನೋಡೋಣ. ಮೋಳೇ, ಮಗಳೇ, ಇವತ್ತು ಬೆಳಿಗ್ಗೆ ಏನೇನು ಮಾಡಿದೆ? ಇಂಗ್ಲಿಷಿನಲ್ಲಿ ಹೇಳು."

ಬೊಮ್ಮಿ ಎದ್ದು ನಿಂತಳು. ಗೋಡೆ ನೋಡಿಕೊಂಡು, ನೀರಿನ ಕೊಡ ಇಳಿಸುವ ಹಾಗೆ ಒಂದೊಂದನ್ನೇ ಇಳಿಸಿದಳು.

"ಕ್ಯಾರಿಯಿಂಗ್ ಸಾರ್ಸ್ ವಾಟರ್. ವಾಷಿಂಗ್ ಸಾರ್ಸ್ ಕೌ. ಪ್ಲಕಿಂಗ್ ಸಾರ್ಸ್ ಪೆಪ್ಪರ್."

ಒಂದಿಬ್ಬರು ಕಿಸಕ್ಕೆಂದರು. ಸಾಹೇಬರು ಮಾಷ್‌ನ ಮುಖ ನೋಡಿದರು, ಹುಡುಗಿಯ ಮುಖ ನೋಡಿದರು, "ಗುಡ್" ಎಂದು ಹೇಳಿ ಆರನೇ ಕ್ಲಾಸಿಗೆ ನಡೆದರು. ಅವರನ್ನು ಒಳ್ಳೆಯವರೆಂದು ಹೊಗಳುವವರಿದ್ದಾರೆ. ನನ್ನ ಕಣ್ಣಿಗೆ ಆ ದಿನ ಕಂಡದ್ದು ಚಾ ಕುಡಿದು ಜೀಪು ಹತ್ತಿದ ಮನುಷ್ಯ.

ಮಾಷ್ ಮಾಡಿದ ತಪ್ಪೇನೆಂದು ನನಗೆ ಆಗಲೇ ತಿಳಿದಿತ್ತು, ಅವನಿಗೆ ಸಾಯುವವರೆಗೂ ತಿಳಿದಿರಲಿಕ್ಕಿಲ್ಲ. ಹಾಡಿಯವರಲ್ಲಿ ಒಂದು ಕಟ್ಟುಪಾಡಿದೆ. ಹೆಜ್ಜೇನು ಕೂತ ಮರವನ್ನು ಮೊದಲು ಕಂಡವರು ಅದಕ್ಕೆ ಗುರುತು ಹಾಕುತ್ತಾರೆ, ಮರ ಆ ಮನೆಯವರದಾಗುತ್ತದೆ. ಬೇರೆಯವರು ಆ ಮರದಿಂದ ಒಂದು ಹನಿ ಇಳಿಸಿದರೂ ಹಾಡಿಗೆ ಬಂದ ಕೂಡಲೇ ಎಲ್ಲರ ಮುಂದೆ ಯಾರ ಮರದ್ದೆಂದು ಹೇಳಬೇಕು. ಹೇಳದಿದ್ದರೆ ಕಳ್ಳತನ. ಅಂಥ ಮನೆಯ ಮಗುವಿಗೆ ವರ್ಷವಿಡೀ ಬೆತ್ತ ಬಡಿದು 'ಯಾರದು, ಯಾರದು' ಎಂದು ಕೇಳಿದವನು ಅವಳು ಸುಳ್ಳುಸುಳ್ಳೇ ಅಮ್ಮನ ತಟ್ಟೆ ತೊಳೆದೆ ಎನ್ನುತ್ತಾಳೆಂದು ನಂಬಿ ಕೂತಿದ್ದ.

ಮಧ್ಯಾಹ್ನ ಹೆಡ್ ಮಾಷ್ ನನ್ನನ್ನು ಹಾಡಿಗೆ ಓಡಿಸಿದ, ತಾಯಿಯನ್ನು ಕರೆತರಲು. ತಾಯಿ ಮಾದಿ ಕಾಡಿನ ಕೂಲಿಯವಳು. ಬಂದು ಸ್ಟಾಫ್ ರೂಮಿನ ಹೊಸಿಲ ಹೊರಗೇ ನಿಂತಳು. ಬೊಮ್ಮಿ ಅವಳ ಹಿಂದೆ. ಮರುದಿನ ಸಾಹೇಬರ ಕೈಗಿಡಲು ಮೇಜಿನ ಮೇಲೆ ಮಲಯಾಳದ ಕಾಗದವೊಂದು ತಯಾರಾಗಿತ್ತು: ಹುಡುಗಿ ಸುಳ್ಳು ಹೇಳಿದಳು, ಮಾಷ್ ಮನೆಯಲ್ಲಿ ಯಾವ ಕೆಲಸವನ್ನೂ ಮಾಡಿಲ್ಲ. ಮಾದಿ ಹೆಬ್ಬೆಟ್ಟು ಒತ್ತಬೇಕು. ಒತ್ತದಿದ್ದರೆ ಬೊಮ್ಮಿಯ ಹೆಸರು ರಿಜಿಸ್ಟರಿನಿಂದ ಹೋಗುತ್ತದೆ. ಹೆಸರು ಹೋದರೆ ಓದೂ ಇಲ್ಲ, ದಿನದ ಆ ಒಂದು ಸೌಟೂ ಇಲ್ಲ. ಮಾದಿಗೂ ಇಬ್ಬರು ಮಾಷ್‌ಗಳಿಗೂ ನಡುವೆ ಮಾತು ದಾಟಿಸುವವಳು ನಾನು.

ಕಾಗದದಲ್ಲಿ ಇದ್ದದ್ದನ್ನು ಇದ್ದ ಹಾಗೆ ಮಾದಿಗೆ ಹೇಳಿದೆ. ಅವಳು ನನ್ನ ಕಡೆಗೆ ತಿರುಗಿದಳು.

"ಅಕ್ಕಾ, ಯಾರ್ದು ಅಂತ ಹೇಳ್ದೇ ಇದ್ರಲ್ವಾ ಕಳ್ತನ? ಹೇಳಿದ್ದು ಹೆಂಗೆ ತಪ್ಪಾಯ್ತದೆ? ನೀರು ಅವರ್ದೇ ಅಲ್ವಾ?"

"ಅವರ್ದೇ."

"ಮೆಣಸು?"

"ಅದೂ ಅವರ್ದೇ ಕಣೇ."

"ಮತ್ತೆ ನನ್ನ ಕೂಸು ತಪ್ಪು ಏನ್ ಹೇಳ್ತು?"

ಇದನ್ನು ಒಂದಕ್ಷರ ಬಿಡದೆ ಮಲಯಾಳದಲ್ಲಿ ದಾಟಿಸಿದೆ. ಇಂಗ್ಲಿಷ್ ಮಾಷ್ ಮೇಜು ಗುದ್ದಿದ. "ಗೌರಿ ಚೇಚಿ, ಕೇಳಿದಷ್ಟು ಮಾತ್ರ ಹೇಳಿ!"

"ಅವಳು ಹೇಳಿದಷ್ಟೇ ಹೇಳಿದೆ ಮಾಷೇ. ನನ್ನದೊಂದು ಮಾತು ಸೇರಿಸಿದ್ದರೆ ನಿಮ್ಮ ಕಿವಿ ಸುಟ್ಟು ಹೋಗುತ್ತಿತ್ತು."

ಹೆಡ್ ಮಾಷ್ ಮುಖ ತಿರುಗಿಸಿಕೊಂಡು ತೀರ್ಪು ಕೊಟ್ಟ. ನಾಳೆ ಹಾಜರಿ ಕೂಗುವುದರೊಳಗೆ ಹೆಬ್ಬೆಟ್ಟು ಬೀಳಬೇಕು. ಬೀಳದಿದ್ದರೆ ಹೆಸರು ಕೂಗಬಾರದು, ನಾನು ಬಡಿಸಲೂಬಾರದು. "ನೀವು ಅಡುಗೆಯವರು. ಅಡುಗೆ ನೋಡಿಕೊಳ್ಳಿ."

ದಾರಿಯಲ್ಲಿ ಬೊಮ್ಮಿ ಕೇಳಿದಳು, "ಗೌರಕ್ಕ, ನಾಳೆ ನೀರಿಗೆ ಹೋಗ್ಬೇಕಾ?" ನನಗೆ ಸಿಟ್ಟು ನೆತ್ತಿಗೇರಿತು. ಸಿಟ್ಟು ಮಾಷ್ ಮೇಲೆ ಅರ್ಧ, ಎರಡು ವರ್ಷ ಅರ್ಧ ಸೌಟು ಹಾಕಿ ಕೈ ತೊಳೆದುಕೊಂಡ ನನ್ನ ಮೇಲೆ ಅರ್ಧ. "ಹೋಗು," ಎಂದೆ, "ನಾನೂ ಬರ್ತೀನಿ."

ಹದಿನೆಂಟು ವರ್ಷದ ಅಡುಗೆ ಕೆಲಸ ನನಗೆ ಕಲಿಸಿದ್ದು ಇದೊಂದೇ. ನಾನು ಅನ್ನ ಹಾಕುವವಳಲ್ಲ. ಅನ್ನ ಮಕ್ಕಳದ್ದು, ನನ್ನದು ಸೌಟು ಮಾತ್ರ. ಇದನ್ನು ಮರೆತ ಅಡುಗೆಯವಳೂ ಮಾಷ್‌ನ ಜಾತಿಯವಳೇ.

ಮರುದಿನ ಬೆಳಿಗ್ಗೆ ಮಾಷ್‌ನ ಅಂಗಳಕ್ಕೆ ಹುಡುಗಿಯರಿಗಿಂತ ಮೊದಲೇ ಹೋಗಿ ನಿಂತೆ. ಐವರೂ ಬಂದು ಜಗುಲಿಯ ಮೇಲಿದ್ದ ಖಾಲಿ ಕೊಡಗಳಿಗೆ ಕೈ ಹಾಕಿದರು. ಕೊಡ ಕೆಳಗಿಡಿಸಿ ಐವರನ್ನೂ ಶಾಲೆಗೆ ಅಟ್ಟಿದೆ. ಮಾಷ್ ಹಲ್ಲುಜ್ಜುತ್ತ ಹೊರಗೆ ಬಂದ. ಬೊಮ್ಮಿಯ ಕೊಡ ಎತ್ತಿ ಅವನ ಕೈಗೆ ಕೊಟ್ಟೆ.

"ಹೊಳೆ ಆ ಕಡೆ ಇದೆ ಮಾಷೇ. ನೀರು ನಿಮ್ಮದಲ್ವಾ?"

"ನಿನ್ನ ಕೆಲಸ ಹೋಗುತ್ತದೆ," ಎಂದ. ಬಾಯಲ್ಲಿ ನೊರೆ.

"ಹೋಗಲಿ. ಅಲ್ಲೀವರೆಗೆ ಒಲೆ ನನ್ನದೇ. ಹಾಜರೀಲಿ ಬೊಮ್ಮಿ ಹೆಸರು ಕೇಳಿಸೋತನಕ ಹಚ್ಚೋದಿಲ್ಲ. ಸಾಹೇಬ್ರು ಇವತ್ತೂ ಬರ್ತಾರೆ. ಹೊಗೆ ಯಾಕಿಲ್ಲ ಅಂತ ಕೇಳಿದ್ರೆ ನಾನೂ ಇಂಗ್ಲಿಷಲ್ಲೇ ಹೇಳ್ತೀನಿ. ತಟ್ಟಿ ಈಚೆಗೆ ಕೂತು ನಾನೂ ಕಲ್ತಿದ್ದೀನಿ."

ಶಾಲೆಗೆ ಬಂದು ಸೌದೆ ಒಟ್ಟಿದೆ, ನುಚ್ಚು ಅಳೆದೆ, ಬೆಂಕಿಪೆಟ್ಟಿಗೆ ಕೈಯಲ್ಲಿ ಹಿಡಿದು ತಟ್ಟಿಯ ಪಕ್ಕ ಕುಕ್ಕರುಗಾಲಲ್ಲಿ ಕೂತೆ. ಹೊರಗೆ ಜೀಪಿನ ಸದ್ದಾಯಿತು. ಮಾಷ್ ಪುಸ್ತಕ ತೆರೆದು ಒಂದೊಂದೇ ಹೆಸರು ಕೂಗಿದ. ಮೂವತ್ತೊಂದು ಹೆಸರಾದ ಮೇಲೆ ನಿಲ್ಲಿಸಿದ. ಜೀಪಿನ ಬಾಗಿಲು ಹಾಕಿಕೊಂಡಿತು. ಅವನು ಕೆಮ್ಮಿದ.

"ಬೊಮ್ಮಿ."

"ಹಾಜರ್ ಸಾರ್."

ಕಡ್ಡಿ ಗೀರಿದೆ.