ಬಣ್ಣ ಬಳಿದ ತೆನೆ

ನನ್ನ ಅಣ್ಣ ಓಬೆಡ್ ಹ್ಯಾಲಕ್ ಕಟ್ಟಿದ ಪೀಪಾಯಿಯಿಂದ ಒಂದು ತೊಟ್ಟು ಸೇಬಿನ ರಸ ಸೋರಿದ್ದನ್ನು ನಮ್ಮ ಲಾಂಗ್ ಐಲೆಂಡಿನಲ್ಲಿ ಯಾರೂ ಕಂಡಿಲ್ಲ. ಅವನ ಬಾಯಿಯೂ ಅಷ್ಟೇ ಬಿಗಿ. ಪಕ್ಕದ ಮನೆಯ ವಿಧವೆ ಕೆಟೂರಾಳ ಮೇಲೆ ಅವನಿಗೆ ಮನಸ್ಸಿದೆ ಎಂಬುದು ಅವಳ ಬೆಕ್ಕಿಗೂ ಗೊತ್ತಿತ್ತು. ಒಂಬತ್ತು ವರ್ಷ ಅವಳ ಮರದ ಬಕೆಟ್ಟುಗಳನ್ನು ಪುಕ್ಕಟೆ ರಿಪೇರಿ ಮಾಡಿಕೊಟ್ಟನೇ ಹೊರತು ತುಟಿ ಬಿಚ್ಚಲಿಲ್ಲ. ವಯಸ್ಸು ಐವತ್ತೊಂದಾಯಿತು. ನೋಡಿ ನೋಡಿ ನನಗೆ ಮೈ ಉರಿಯುತ್ತಿತ್ತು.

ಆ ಜೂನ್‌ನಲ್ಲಿ ನ್ಯೂಯಾರ್ಕಿನಿಂದ ಪೆನಿಮನ್ ಎಂಬ ಚಿತ್ರಕಾರ ಬಂದ. ಆಗ ಎಲ್ಲರ ಕೈಯಲ್ಲೂ ಇದ್ದ ಕಾದಂಬರಿಯೊಂದರ ದೃಶ್ಯವನ್ನು ಅವನು ಚಿತ್ರವಾಗಿ ಬರೆಯಬೇಕಿತ್ತು: ಮುಸುಕಿನ ಜೋಳ ಸುಲಿಯುವ ಕೂಟದಲ್ಲಿ ಮುದಿ ಬ್ರಹ್ಮಚಾರಿಗೆ ಕೆಂಪು ತೆನೆ ಸಿಗುತ್ತದೆ. ಹಳದಿ ತೆನೆಗಳ ನಡುವೆ ಅಪರೂಪದ ಕೆಂಪು ತೆನೆ ಸಿಕ್ಕವರು ಕೂಟದಲ್ಲಿ ಯಾರಿಗೆ ಬೇಕಾದರೂ ಮುತ್ತು ಕೊಡಬಹುದು. ಇದು ನಮ್ಮಲ್ಲಿ ಪಾದ್ರಿಯೂ ಒಪ್ಪಿದ ಹಕ್ಕು. ನಾನೇ ಪೆನಿಮನ್‌ನ ಕಿವಿಯೂದಿ, ನಮ್ಮ ಹುಲ್ಲಿನ ಕೊಟ್ಟಿಗೆಯಲ್ಲಿ ಅಣ್ಣನನ್ನೂ ಕೆಟೂರಾಳನ್ನೂ ಚಿತ್ರಕ್ಕಾಗಿ ಎದುರುಬದುರು ಕೂರಿಸಿದೆ. ಸುಲಿಯುವುದು ಅಕ್ಟೋಬರಿನಲ್ಲಿ, ಜೂನ್‌ನಲ್ಲಿ ಕೆಂಪು ತೆನೆ ಎಲ್ಲಿಂದ ಬರಬೇಕು? ಪೆನಿಮನ್ ಹಳೆಯ ಹಳದಿ ತೆನೆಯೊಂದಕ್ಕೆ ಬಣ್ಣ ಬಳಿದು ಅಣ್ಣನ ಕೈಗೆ ಕೊಟ್ಟ.

ಎರಡು ವಾರ ಇಬ್ಬರೂ ಗೊಂಬೆಗಳ ಹಾಗೆ ಕೂತರು. ಕೊನೆಯ ದಿನ ನನಗೆ ತಡೆಯಲಾಗಲಿಲ್ಲ.

"ಅಣ್ಣಾ, ಕೈಯಲ್ಲಿ ತೆನೆ ಇದೆ, ಎದುರಿಗೆ ಅವಳಿದಾಳೆ. ಇನ್ನೇನು, ಚರ್ಚಿನ ಗಂಟೆ ಹೊಡೆಸ್ಬೇಕಾ?"

ಓಬೆಡ್ ಬೆವೆತುಹೋದ. "ಇದು ಬಣ್ಣ ಹಚ್ಚಿದ್ದು ಕಣೇ. ಲೆಕ್ಕಕ್ಕಿಲ್ಲ. ಮೋಸ ಆಗುತ್ತೆ."

ಹಣೆ ಚಚ್ಚಿಕೊಳ್ಳೋಣ ಅನ್ನಿಸಿತು. ಕೆಟೂರಾ ದಡಕ್ಕನೆ ಎದ್ದು ಹೊರಟೇಬಿಟ್ಟಳು. ಪೆನಿಮನ್ ಕರೆದರೂ ತಿರುಗಲಿಲ್ಲ. ಅಣ್ಣನ ಮುಖ ನೋಡಲಾಗಲಿಲ್ಲ ನನಗೆ. ನನ್ನ ಬಾಯಿಚಪಲದಿಂದ ಎಲ್ಲ ಕೆಟ್ಟಿತು ಎಂದುಕೊಂಡೆ.

ಸ್ವಲ್ಪ ಹೊತ್ತಿಗೆ ಅವಳು ಏದುಸಿರು ಬಿಡುತ್ತ ಮನೆಯಿಂದ ಮರಳಿದಳು. ಏಪ್ರನ್ನಿನ ಜೇಬಿನಿಂದ ಒಣಗಿದ ತೆನೆಯೊಂದನ್ನು ತೆಗೆದು ಓಬೆಡ್‌ನ ತೊಡೆಯ ಮೇಲೆ ಹಾಕಿದಳು. ಕಾಳು ಕಾಳೂ ಹುಟ್ಟಾ ಕೆಂಪು.

"ಹೋದ ಅಕ್ಟೋಬರ್ ಕೂಟದಲ್ಲಿ ನಂಗೇ ಸಿಕ್ಕಿತ್ತು," ಅಂದಳು. "ಯಾರಿಗೂ ತೋರಿಸ್ದೆ ಬಚ್ಚಿಟ್ಕೊಂಡೆ. ಅಷ್ಟೊತ್ತಿಗೆ ನೀವು ಮನೆಗೆ ಹೋಗ್ಬಿಟ್ಟಿದ್ರಲ್ಲ!"

ನನಗೆ ಅಳುವೇ ಬಂತು. ಅಣ್ಣ ಮಾತ್ರ ತೆನೆಯನ್ನು ತಿರುಗಿಸಿ, ಉಗುರಿನಿಂದ ಕೆರೆದು, ಬಣ್ಣ ಬಿಡುವುದಿಲ್ಲ ಎಂದು ಖಾತರಿ ಮಾಡಿಕೊಂಡ.

"ಹಾಗಿದ್ರೆ ಹಕ್ಕು ನಿಮ್ದು," ಎಂದ.

"ಹೌದು, ನಂದೇ," ಎಂದು ಕೆಟೂರಾ ಅವನ ಎರಡೂ ಕಿವಿ ಹಿಡಿದು ಹತ್ತಿರಕ್ಕೆ ಎಳೆದುಕೊಂಡಳು.