ಕಿಟಕಿಯಾಚೆಯ ಸಕ್ಕರೆ ನೀರು

ನೆಲ್ಡಾ ಗಿಡ್ರಿ ಯಾರ ಮುಂದೆಯೂ ಕಣ್ಣೀರು ಹಾಕುವ ಹೆಂಗಸಲ್ಲವೆಂದು ಅವಳ ಬೀದಿಯಲ್ಲಿ ಹೆಸರಾಗಿತ್ತು. ಟೆಕ್ಸಸ್‌ನ ಕಡಲಂಚಿನ ಆ ಊರಿನಲ್ಲಿ ಎಣ್ಣೆ ಕಾರ್ಖಾನೆಯ ಚಿಮಣಿಯ ಬೆಂಕಿ ಹಗಲಿರುಳೂ ಉರಿಯುತ್ತದೆ. ಅಲ್ಲಿ ಅಳುವುದಕ್ಕೆ ಕಾರಣಗಳ ಕೊರತೆಯಿರಲಿಲ್ಲ, ಬಿಡುವಿನ ಕೊರತೆಯಿತ್ತು. ಅವಳ ಗಂಡ ರಾಯ್ಸ್ ತನ್ನ ಪ್ರಾಯವನ್ನೆಲ್ಲ ಕಾರ್ಖಾನೆಯ ಕೊಳವೆಗಳಿಗೆ ಸುತ್ತಿದ ಆಸ್ಬೆಸ್ಟಾಸಿನ ಹಳೆಯ ಬಿಳಿ ಹೊದಿಕೆಯನ್ನು ಕಿತ್ತು ಹೊಸದನ್ನು ಸುತ್ತುವುದರಲ್ಲಿ ಸವೆಸಿದ್ದ. ಆ ಹೊದಿಕೆಯ ಧೂಳು ಎದೆಯೊಳಗೆ ಮನೆಮಾಡಿ, ಈಗ ಅವನನ್ನು ಮುಂದಿನ ಕೋಣೆಯ ಕಿಟಕಿಯ ಬಳಿಯ ಮಂಚಕ್ಕೆ ಕಟ್ಟಿಹಾಕಿತ್ತು. ಡಾಕ್ಟರುಗಳು ಕೈಚೆಲ್ಲಿದ್ದರು. ನರ್ಸ್ ಆಗಾಗ ಬಂದು ನೋವಿನ ಔಷಧ ಕೊಟ್ಟು ಹೋಗುತ್ತಿದ್ದಳು.

ಗಂಟಲಲ್ಲಿ ಅನ್ನ ಇಳಿಯದಂತಾದಾಗ ನೆಲ್ಡಾ ಅವನಿಗೆ ಹಸುಗೂಸುಗಳಿಗೆಂದು ಮಾರುವ ನುಣ್ಣನೆಯ ಪೀಚ್ ಹಣ್ಣಿನ ಊಟವನ್ನು ತಿನ್ನಿಸತೊಡಗಿದಳು. ಗಾಜಿನ ಪುಟ್ಟ ಜಾಡಿ ಬರಿದಾದೊಡನೆ ತೊಳೆದು, ಮುಚ್ಚಳಕ್ಕೆ ಮೊಳೆಯಿಂದ ತೂತು ಹೊಡೆದು, ಅದರಲ್ಲಿ ಸ್ಪಂಜಿನ ತುಂಡನ್ನು ಬಿಗಿಯಾಗಿ ತುರುಕುವಳು. ಹತ್ತು ಪಾಲು ನೀರಿಗೆ ಒಂದು ಪಾಲು ಸಕ್ಕರೆ ಹಾಕಿ, ಕುದಿಸಿ ಆರಿಸಿ ತುಂಬುವಳು. ಮುಚ್ಚಳದ ಸುತ್ತ ಹಳದಿ ಬಟ್ಟೆಯ ದಳಗಳನ್ನು ಅಂಟಿಸಿ, ಜಾಡಿಯನ್ನು ಚಿಟ್ಟೆಗಳಿಗೆಂದು ತಲೆಕೆಳಗಾಗಿ ಕಿಟಕಿಯಾಚೆ ತಂತಿಯಿಂದ ತೂಗುಹಾಕುವಳು. ತಂತಿಯ ಕುಣಿಕೆಯನ್ನು ಮಾತ್ರ ರಾಯ್ಸನೇ ತಿರುಚಬೇಕು.

"ಇದೇನು ಗಂಟು? ದನ ಕಟ್ಟೋಕಾ?" ಎಂದು ಅವನು ಅವಳು ಹಾಕಿದ್ದನ್ನು ಬಿಚ್ಚುವನು.

"ನೀನೇ ಹಾಕಿಕೊಡು ಮತ್ತೆ, ದೊಡ್ಡ ಮೇಸ್ತ್ರಿ."

"ಇಷ್ಟು ವರ್ಷ ನನ್ನ ಜೊತೆ ಬಾಳಿದ್ರೂ ತಂತಿ ಹಿಡಿಯೋದು ಕಲೀಲಿಲ್ಲ ನೋಡು."

ಜಾಡಿಗಳು ಹೆಚ್ಚಿದಂತೆ ಅವನು ಇಳಿಯುತ್ತ ಹೋದ.

ಕಿಟಕಿಯ ಕೆಳಗೆ ಎಕ್ಕದ ಬಳಗದ, ಮುರಿದರೆ ಹಾಲು ಸುರಿಸುವ ಗಿಡಗಳ ಸಾಲಿತ್ತು. ನರ್ಸರಿಯಿಂದ ತಂದ ತಳಿ. ಚಳಿಗಾಲದಲ್ಲೂ ಬಾಡದೆ ಕೆಂಪು ಹೂ ಬಿಡುತ್ತಿತ್ತು. ಮೆಕ್ಸಿಕೋದ ಬೆಟ್ಟಗಳತ್ತ ಹೊರಟ ಮೊನಾರ್ಕ್ ಚಿಟ್ಟೆಗಳು ಪ್ರತಿ ಅಕ್ಟೋಬರಿನಲ್ಲಿ ಅಲ್ಲಿಳಿದು, ದಣಿವಾರಿಸಿಕೊಂಡು ಮುಂದೆ ಸಾಗುತ್ತಿದ್ದವು. ಈ ವರ್ಷ ಅವು ಸಾಗಲಿಲ್ಲ. ಹೂವಿತ್ತು, ಸಕ್ಕರೆ ನೀರಿತ್ತು. ಅಲ್ಲೇ ಮೊಟ್ಟೆಯಿಟ್ಟು ನಿಂತುಬಿಟ್ಟವು.

"ನನ್ನ ಬಿಟ್ಟು ಹೋಗೋಕೆ ಮನಸ್ಸಿಲ್ಲ ಅವಕ್ಕೆ," ಎಂದು ರಾಯ್ಸ್ ನಗುತ್ತಿದ್ದ. ಬೆಳಗ್ಗೆ ಅವನು ಕಣ್ಣು ತೆರೆಯುತ್ತಿದ್ದದ್ದೇ ಅವುಗಳಿಗಾಗಿ. ನರ್ಸ್ ಕೂಡ ಅಡುಗೆಮನೆಯಲ್ಲಿ ದನಿ ತಗ್ಗಿಸಿ, "ಇವುಗಳಿಂದಲೇ ಇನ್ನೂ ಉಸಿರು ಹಿಡ್ಕೊಂಡಿದಾರಮ್ಮ," ಎಂದಿದ್ದಳು.

ನವೆಂಬರಿನ ಕೊನೆಯಲ್ಲಿ ಬರುವ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಕಳೆದ ಮೇಲೆ, ಗೂಡೊಡೆದು ಬಂದ ಚಿಟ್ಟೆಗಳ ರೆಕ್ಕೆಗಳು ಒದ್ದೆ ಕಾಗದದಂತೆ ಮುದುಡಿಕೊಂಡಿದ್ದವು. ನೆಲ್ಡಾ ತೋಟಗಾರಿಕೆಯ ಸಂಘದವರನ್ನು ಕೇಳಿದಳು. ಅವರು ಮುಚ್ಚುಮರೆಯಿಲ್ಲದೆ ಹೇಳಿದರು. ರೋಗ ಹಿಡಿದ ಚಿಟ್ಟೆಯ ಮೈಯಿಂದ ಹಿಟ್ಟಿಗಿಂತ ನಯವಾದ ಧೂಳು ಉದುರುತ್ತದೆ. ಒಂದೇ ಸ್ಪಂಜಿಗೆ ಮುತ್ತುವಾಗ ಅದು ಒಂದರಿಂದ ಇನ್ನೊಂದಕ್ಕೆ ಅಂಟುತ್ತದೆ, ಎಲೆಯ ಮೇಲೆ ಬೀಳುತ್ತದೆ. ಆ ಎಲೆ ತಿಂದ ಕಂಬಳಿಹುಳ ಕೆಟ್ಟ ರೆಕ್ಕೆಯ ಚಿಟ್ಟೆಯಾಗುತ್ತದೆ. ಗಿಡಗಳನ್ನು ನೆಲಮಟ್ಟಕ್ಕೆ ಕತ್ತರಿಸಿ ಜಾಡಿಗಳನ್ನು ಇಳಿಸದೆ ಬೇರೆ ದಾರಿಯಿಲ್ಲ.

ನೆಲ್ಡಾ ಕತ್ತರಿಸಲಿಲ್ಲ. ಜಾಡಿಗಳನ್ನು ದಿನವೂ ಕುದಿಸಿದಳು. ರಾಯ್ಸ್ ಏಳುವ ಮೊದಲೇ ಕೆಳಗೆ ಬಿದ್ದು ಒದ್ದಾಡುತ್ತಿದ್ದ ಚಿಟ್ಟೆಗಳನ್ನು ಹೆಕ್ಕಿ, ಕಾಗದದ ಲಕೋಟೆಯಲ್ಲಿಟ್ಟು, ಫ್ರೀಜರಿನಲ್ಲಿ ಸೀಗಡಿಯ ಚೀಲಗಳ ಕೆಳಗೆ ಅಡಗಿಸಿದಳು. ಚಳಿಯಲ್ಲಿ ಅವು ನೋವಿಲ್ಲದೆ ಸಾಯುತ್ತವೆಂದು ಸಂಘದವರು ಹೇಳಿದ್ದರು.

ರಾಯ್ಸನ ಅಕ್ಕ ಒಲೀಟಾ ಗಂಬೋ ಸಾರಿನ ಪಾತ್ರೆ ಹೊತ್ತು ಬಂದವಳು, ಐಸ್ ತೆಗೆಯಲು ಹೋಗಿ ಲಕೋಟೆ ಕಂಡಳು.

"ಅಯ್ಯೋ, ಸೀಗಡಿ ಜೊತೆ ಹುಳ ಇಟ್ಟಿದೀಯಲ್ಲೇ! ತಲೆ ಗಿಲೆ ಕೆಟ್ಟಿದೆಯಾ?"

"ಮೆಲ್ಲಗೆ ಮಾತಾಡು, ಅವನಿಗೆ ಕೇಳುತ್ತೆ. ಕಾಯಿಲೆ ಬಿದ್ದಿವೆ. ಗಿಡ ಕಡೀಬೇಕಂತೆ, ಜಾಡಿ ತೆಗೀಬೇಕಂತೆ."

"ಕಡಿದು ನೋಡು! ನನ್ನ ತಮ್ಮನಿಗೆ ಉಳಿದಿರೋದೇ ಆ ಕಿಟಕಿ. ಒಂದು ಚಿಟ್ಟೆ ಸತ್ರೆ ಇನ್ನೊಂದು ಹುಟ್ಟುತ್ತೆ ಕಣೆ."

"ಅದಕ್ಕೇ ತಾನೇ ಮುಟ್ಟದೆ ಬಿಟ್ಟಿರೋದು."

ಆದರೆ ಎಷ್ಟು ಬೇಗ ಎದ್ದರೂ ಎಲ್ಲವನ್ನೂ ಹೆಕ್ಕಲಾಗುವುದಿಲ್ಲ. ಒಂದು ಮಧ್ಯಾಹ್ನ ಮುದುಡಿದ ರೆಕ್ಕೆಯ ಚಿಟ್ಟೆಯೊಂದು ಕಿಟಕಿಯ ಚೌಕಟ್ಟನ್ನು ಹತ್ತಿ, ಜಾಡಿಯನ್ನು ಮುಟ್ಟಲಾರದೆ ಬಿದ್ದಿತು. ಮತ್ತೆ ಹತ್ತಿತು, ಮತ್ತೆ ಬಿದ್ದಿತು.

"ನೆಲ್ಡಾ, ಅದಕ್ಕೇನಾಗಿದೆ?"

"ಈಗಷ್ಟೇ ಗೂಡಿಂದ ಬಂದಿದೆ. ರೆಕ್ಕೆ ಒಣಗಿಲ್ಲ."

"ಬೆಳಗ್ಗಿಂದ ನೋಡ್ತಾ ಇದೀನಿ. ಸುಳ್ಳು ನಿನ್ನ ಬಾಯಿಗೆ ಒಗ್ಗಲ್ಲ, ಬಿಡು."

ಅವಳು ಎಲ್ಲವನ್ನೂ ಹೇಳಿದಳು. ರಾಯ್ಸ್ ಮತ್ತೆ ಚೌಕಟ್ಟು ಹತ್ತುತ್ತಿದ್ದ ಚಿಟ್ಟೆಯನ್ನೇ ನೋಡಿದ. ಅವನ ಮೂಗಿಗೆ ಗಾಳಿಯೂಡುವ ಯಂತ್ರ ಏದುಸಿರು ಬಿಡುತ್ತಿತ್ತು.

"ಧೂಳು ಅಂದೆಯಾ?"

"ಹೂಂ."

"ನಿನಗೆ ಯಾವಾಗಿಂದ ಗೊತ್ತು?"

"ಹಬ್ಬ ಆದಾಗಿನಿಂದ."

"ಕಾರ್ಖಾನೇಲಿ ನಮ್ಮ ಮೇಲಿನವರಿಗೂ ಧೂಳಿನ ವಿಷಯ ಗೊತ್ತಿತ್ತು," ಎಂದ ರಾಯ್ಸ್. "ಗೊತ್ತಿದ್ದೂ ದಿನಾ ಬೆಳಗ್ಗೆ ಕಾಫಿ ಕೊಟ್ಟು, ಬೆನ್ನು ತಟ್ಟಿ ಒಳಗೆ ಕಳಿಸ್ತಿದ್ರು."

ನೆಲ್ಡಾಳಿಗೆ ಕೆನ್ನೆಗೆ ಹೊಡೆದಂತಾಯಿತು. "ನಿನಗೋಸ್ಕರ ಬಿಟ್ಟಿದ್ದೆ ಕಣೋ."

"ಗೊತ್ತು. ಈಗ ನನಗೋಸ್ಕರ ಕಡಿ. ಪರದೆ ಎಳೀಬೇಡ, ನಾನು ನೋಡ್ತೀನಿ."

ಅವಳು ಕಡಿದಳು. ಗಿಡದ ಹಾಲು ಮುಂಗೈಯ ಗೀರುಗಳಿಗೆ ತಗುಲಿ ಉರಿಯಿತು. ಕಾಂಡ, ಎಲೆ, ಹೂ, ಹಸಿರು ಗೂಡುಗಳು, ಎಲ್ಲವನ್ನೂ ಕಪ್ಪು ಚೀಲಗಳಿಗೆ ತುಂಬಿ ಬಾಯಿ ಬಿಗಿದಳು. ಕೊನೆಗೆ ಜಾಡಿಗಳನ್ನು ಇಳಿಸಿದಳು. ಗಟ್ಟಿಯಾಗಿದ್ದ ಕೆಲವು ಚಿಟ್ಟೆಗಳು ಬರಿದಾದ ಜಾಗದ ಮೇಲೆ ಸುತ್ತಿ, ಉತ್ತರದ ತಣ್ಣನೆಯ ಗಾಳಿಗೆ ಸಿಕ್ಕಿ ಛಾವಣಿಯಾಚೆ ಮರೆಯಾದವು. ಬೆಟ್ಟ ಸೇರಿದವೋ ಕಡಲ ಪಾಲಾದವೋ ಬಲ್ಲವರಿಲ್ಲ. ಕಿಟಕಿಯಲ್ಲಿ ಪಕ್ಕದ ಮನೆಯ ಬೇಲಿಯೂ ಚಿಮಣಿಯ ಬೆಂಕಿಯೂ ಉಳಿದವು.

ರಾಯ್ಸ್ ಕಡೆಯವರೆಗೂ ನೋಡಿದ. ಆಮೇಲೆ ಗೋಡೆಯತ್ತ ಹೊರಳಿದವನು ಮತ್ತೆ ಕಿಟಕಿಯ ಕಡೆ ತಿರುಗಲಿಲ್ಲ. ಚಮಚವನ್ನು ತುಟಿಗೆ ಒಡ್ಡಿದರೆ ತಲೆಯಾಡಿಸುತ್ತಿದ್ದ. ಆ ವಾರ ಕಳೆಯುವುದರೊಳಗೆ ತೀರಿಕೊಂಡ.

ಮಣ್ಣು ಮಾಡಿ ಬಂದ ಮೇಲೆ, ಚರ್ಚಿನ ಊಟದ ಮನೆಯಲ್ಲಿ, ಒಲೀಟಾ ನಾಲ್ಕು ಜನರಿಗೆ ಕೇಳುವಂತೆ ಅಂದಳು: "ಸಾಯೋನ ಕಣ್ಣೆದುರೇ ಕಡಿದು ಹಾಕಿದಳು. ಹುಳ ಉಳಿಸೋಕೆ ಗಂಡನ್ನ ಕೊಂದಳು."

ಎಲ್ಲರೂ ನೆಲ್ಡಾಳತ್ತ ನೋಡಿದರು. ಅವನೇ ಹೇಳಿದ್ದ ಎನ್ನುವ ಒಂದು ಮಾತು ಸಾಕಿತ್ತು. ಆದರೆ ಸತ್ತವನ ಬೆನ್ನ ಹಿಂದೆ ಅಡಗಿ ನಿಲ್ಲುವುದು ಅವಳಿಗೆ ಬೇಡವಾಗಿತ್ತು. ಹಬ್ಬದಿಂದ ಗಿಡ ಕಡಿದ ದಿನದವರೆಗೆ ತಾನೇ ಫ್ರೀಜರಿಗೆ ತುಂಬಿದ ಲಕೋಟೆಗಳ ಲೆಕ್ಕ ಅವಳಿಗಲ್ಲದೆ ಇನ್ನಾರಿಗೂ ಗೊತ್ತಿರಲಿಲ್ಲ.

"ಹೌದು," ಎಂದಳು ನೆಲ್ಡಾ. "ಕಡಿದೋಳು ನಾನೇ. ತಡವಾಗಿ ಕಡಿದೆ."

ಅಷ್ಟು ಹೇಳಿ ತನ್ನ ತಟ್ಟೆಯನ್ನು ಎತ್ತಿಕೊಂಡು, ತೊಳೆಯುವ ಸಾಲಿನಲ್ಲಿ ನಿಂತಳು.